ಹಾಲಿನ ಒಲೆಯಲ್ಲಿ ಕಾಸಿದ ಹಲ್ಲು

"ಏ ಹುಡುಗಾ, ನನಗ ಜ ಬೇಕು," ಎಂದು ಆ ಮನುಷ್ಯ ನನ್ನ ಹಲ್ಲಿನ ಅಂಗಡಿಯ ಕಟ್ಟೆಯ ಮೇಲೆ ಕೂತರು.

"ಜ ನಿಮ್ಮ ಬಾಯಾಗ ಐತೆಲ್ರಿ ಕಾಕಾ. ಈಗ ಅಂದ್ರೆಲ್ಲ."

"ಜ ಅಲ್ಲೋ ಹುಚ್ಚಪ್ಪಾ. ಜ! ಜ!"

ನನಗೆ ತಿಳಿಯಲಿಲ್ಲ. ಅವರು ತೊಡೆ ಬಡಿದುಕೊಂಡು, ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನ ಕಡೆ ಬೆರಳು ಮಾಡಿದರು. "ಎತ್ತು?" ಎಂದೆ. ತಲೆಯಾಡಿಸಿದರು. ಅದರ ಹಿಂದೆ ಆಕಳೊಂದು ಬಂತು. ಅದನ್ನೂ ತೋರಿಸಿದರು.

"ಎತ್ತು, ಆಕಳ... ದನ?"

"ಹಾಂ! ಆ ಜ ಬೇಕು ನನಗ!"

ಬಾಯಿ ತೆಗೆದು ತೋರಿಸಿದಾಗ ಗೊತ್ತಾಯಿತು. ಕೆಳಗಿನ ಸಾಲು ಗಟ್ಟಿಯಾಗಿತ್ತು, ಮೇಲೆ ಒಂದೂ ಹಲ್ಲಿಲ್ಲ. ದ ಅನ್ನಬೇಕಾದರೆ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಬೇಕು. ನೀವೇ ಅಂದು ನೋಡಿ. ಹಲ್ಲು ಇಲ್ಲದಿದ್ದರೆ ನಾಲಿಗೆ ಆಸರೆ ಹುಡುಕಿಕೊಂಡು ಹಿಂದಕ್ಕೆ ಸರಿದು ಅಂಗುಳಕ್ಕೆ ಅಂಟುತ್ತದೆ, ದ ಹೋಗಿ ಜ ಆಗುತ್ತದೆ, ತ ಹೋಗಿ ಚ. ಅವರ ಮಾತನ್ನು ಬಾಯಿಂದ ಬಂದ ಹಾಗೆಯೇ ಬರೆದರೆ ಓದುವವರಿಗೆ ತ್ರಾಸು, ಅದಕ್ಕೆ ಇನ್ನು ಮುಂದೆ ನೆಟ್ಟಗೆ ಮಾಡಿ ಬರೆಯುತ್ತೇನೆ.

ಅವರು ನವಲಿ ಕಡೆಯ ಒಂದು ಹಳ್ಳಿಯ ತಳವಾರರು. ಹಲಗಿ ಬಾರಿಸಿ ಊರಿಗೆ ಡಂಗುರ ಸಾರುವುದು ಅವರ ಕೆಲಸ. ಹಿಂದಿನ ತಿಂಗಳು ಆ ಸೀಮೆಯಲ್ಲಿ ದನಗಳಿಗೆ ದೊಡ್ಡರೋಗ ಬಂದಿತ್ತು. ಸರಕಾರದ ದನದ ಡಾಕ್ಟರು ಬಂದು ಸೂಜಿ ಚುಚ್ಚುತ್ತಾರೆಂದು ಕಂದಾಯದ ಗಿರ್ದಾವರ ಸಾಹೇಬರು ಹುಕುಂ ಕಳಿಸಿದ್ದರು. ಕಾಕಾ ಹಲಗಿ ಬಾರಿಸಿ ಓಣಿ ಓಣಿ ಕೂಗಿದರು: "ನಾಳಿ ಮುಂಜಾನಿ ದನಕ್ಕ ಸೂಜಿ ಚುಚ್ತಾರ, ಎಲ್ಲಾರೂ ಚಾವಡಿಗಿ ಬರ್ರೆಪ್ಪೋ!"

ಊರು ಕೇಳಿದ್ದು: "ಜನಕ್ಕ ಸೂಜಿ ಚುಚ್ತಾರ."

ಮರುದಿನ ಡಾಕ್ಟರು, ಗಿರ್ದಾವರರು ಚಾವಡಿಗೆ ಬಂದರೆ ಊರಲ್ಲಿ ನರಪಿಳ್ಳೆ ಇಲ್ಲ. ಕೂಸು ಬಾಲೆಗಳನ್ನು ಕಟ್ಟಿಕೊಂಡು ಎಲ್ಲರೂ ಗುಡ್ಡ ಹತ್ತಿದ್ದರು. ದನಗಳು ಮಾತ್ರ ಕೊಟ್ಟಿಗೆಯಲ್ಲಿ ಆರಾಮಾಗಿ ಮೆಲುಕು ಹಾಕುತ್ತಿದ್ದವು. ಡಾಕ್ಟರು ಮದ್ದಿನ ಪೆಟ್ಟಿಗೆ ಮುಚ್ಚಿಕೊಂಡು ಹೋದರು. ಆಮೇಲೆ ಆ ಊರಲ್ಲಿ ಎಷ್ಟೋ ಕೊಟ್ಟಿಗೆ ಖಾಲಿಯಾದವು. ಕಾಕಾನವರ ಸ್ವಂತ ಎಮ್ಮೆಯೂ ಅದರಲ್ಲಿ ಹೋಯಿತು.

"ಅಮಾಸಿ ಆದ ಮ್ಯಾಲೆ ಡಾಕ್ಟರ್ ಮತ್ತೊಮ್ಮೆ ಬರ್ತಾರಂತ," ಅಂದರು. "ಈ ಸಲ ತಪ್ಪಿ ಕೂಗಿದ್ರ ಹಲಿಗಿ ಕಸಗೊಂಡು ಬ್ಯಾರೆಯವನಿಗಿ ಕೊಡ್ತೀನಿ ಅಂದಾರ ಗಿರ್ದಾವರ. ಹಲಿಗಿ ನಮ್ಮಪ್ಪನ ಕೈಯಾಂದು, ಹುಡುಗಾ. ಅದು ಹೋದ್ರ ಹೋಗ್ಲಿ ಅನ್ನು. ಉಳದ ದನನೂ ಸತ್ರ ನಾನು ಊರಾಗ ಮುಖ ಎತ್ತಿ ತಿರುಗಂಗಿಲ್ಲ."

ಎರಡು ವರ್ಷದಿಂದ ಗಂಗಾವತಿಯಲ್ಲಿ ಹಲ್ಲು ಕಟ್ಟುವವನು ನಾನೊಬ್ಬನೇ. ಪೇಟೆಯಲ್ಲಿ ಎಲ್ಲರೂ ನನ್ನನ್ನು ತಮ್ಮಾ ಅಂತ ಕರೆಯುತ್ತಾರೆ. ಇವರೊಬ್ಬರೇ ಮಾತು ಮಾತಿಗೂ ಹುಡುಗಾ ಅನ್ನುತ್ತಿದ್ದರು. ಸ್ವಲ್ಪ ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ "ಮಾಡಿಕೊಡ್ತೀನ್ರಿ ಕಾಕಾ" ಅಂದುಬಿಟ್ಟೆ.

ಅಂದಮೇಲೆ ನೆನಪಾಯಿತು, ನನ್ನ ಹತ್ತಿರ ರಬ್ಬರೇ ಇಲ್ಲ. ಜಗತ್ತಿನ ದೊಡ್ಡ ಲಡಾಯಿ ಮುಗಿದಿದ್ದರೂ ಹಲ್ಲುಗಳನ್ನು ಹಿಡಿದಿಡುವ ಒಸಡಿನ ಪಟ್ಟಿಗೆ ಬೇಕಾದ ರಬ್ಬರು ಇನ್ನೂ ಪೇಟೆಗೆ ಬಂದಿರಲಿಲ್ಲ. ಬಳ್ಳಾರಿಯಲ್ಲಿ ಹೊಸದೊಂದು ಸಾಮಾನು ಬಂದಿದೆ ಎಂದು ಕೇಳಿದ್ದೆ. ಆ ವಾರವೇ ಹೊಳೆ ದಾಟಿ ರೈಲು ಹತ್ತಿದೆ.

ಅಲ್ಲಿಯ ಅಂಗಡಿಯವರು ಎರಡು ಶೀಸೆ ಮುಂದಿಟ್ಟರು. ಒಂದರಲ್ಲಿ ಒಸಡಿನ ಬಣ್ಣದ ಗುಲಾಬಿ ಪುಡಿ, ಹಿಟ್ಟಿಗಿಂತ ನುಣುಪು. ಇನ್ನೊಂದರಲ್ಲಿ ನೀರಿನಂಥ ರಸ. ಮುಚ್ಚಳ ತೆಗೆದರೆ ಮೂಗು ಕೊರೆಯುವ ವಾಸನೆ. ಹೆಸರು ಅಕ್ರಿಲಿಕ್ ಅಂತ. ರಬ್ಬರಿನ ಪಟ್ಟಿ ಕಂದು, ಬಾಯಿ ತೆಗೆದರೆ ಸುಟ್ಟ ಇಟ್ಟಿಗೆ ಕಂಡ ಹಾಗೆ ಕಾಣುತ್ತದೆ. ಇದು ಅವರು ತೋರಿಸಿದ ಮಾದರಿಯಲ್ಲಿ ಜೀವಂತ ಒಸಡಿನ ಹಾಗೇ ಇತ್ತು. ಬೆಳಕಿಗೆ ಹಿಡಿದರೆ ಬೆಳಕು ಒಳಗೆ ಇಳಿಯುತ್ತಿತ್ತು. ನಾನು ಅದನ್ನು ಎಷ್ಟು ಹೊತ್ತು ತಿರುಗಿಸಿ ಮುರುಗಿಸಿ ನೋಡಿದೆನೆಂದರೆ, ಅವರು ಕೈಯಿಂದ ಕಸಿದುಕೊಳ್ಳಬೇಕಾಯಿತು.

"ಹ್ಯಾಂಗ್ ಮಾಡೋದ್ರಿ?" ಎಂದೆ.

"ಪುಡಿ ಮೂರು ಪಾಲು, ರಸ ಒಂದು ಪಾಲು. ಕಲಸಿ, ಅಚ್ಚಿಗೆ ತುಂಬಿ, ಬಿಗಿದು, ನೀರಲ್ಲಿ ಕುದಿಸಿಬಿಡಿ. ಆಯ್ತು," ಎಂದರು.

ಕುದಿಸಿಬಿಡಿ. ಆ ಒಂದು ಮಾತನ್ನು ನಾನು ಗಂಟು ಕಟ್ಟಿಕೊಂಡು ಬಂದೆ.

ಬರುವಾಗ ಹೊಳೆ ದಾಟಿದ ಮೇಲೆ ನಿಜಾಮರ ಸೀಮೆ ಶುರು, ಅಲ್ಲಿ ಸುಂಕದ ನಾಕಾ. ನಾಕೇದಾರರು ಚೀಲ ತೆರೆಸಿ, ರಸದ ಶೀಸೆ ಮೂಸಿ, ಮುಖ ಹಿಂದಕ್ಕೆ ಎಳೆದುಕೊಂಡರು.

"ಏನೋ ಇದು? ದಾರೂನಾ?"

"ಅಲ್ರಿ ಸಾಹೇಬ್ರ. ಹಲ್ಲು."

"ಹಲ್ಲು? ಪತಲಾ ನೀರು ಐತಿ, ಹಲ್ಲು ಅಂತೀಯಾ? ನನ್ನ ಉಲ್ಲೂ ಮಾಡ್ತೀಯೇನು?"

"ಇದರಾಗ ಪುಡಿ ಕಲಸಿದ್ರ ಗಟ್ಟಿ ಆಗ್ತೈತ್ರಿ. ಆಮ್ಯಾಲೆ ಅದರಾಗ ಹಲ್ಲು ಕೂಡಸ್ತೀವ್ರಿ."

ಅವರು ಒಂದು ಹನಿ ಬೆರಳಿಗೆ ಹಚ್ಚಿಕೊಂಡರು. ತಣ್ಣಗೆ ಆರಿಹೋಯಿತು. "ಕುಡದ್ರ ಏನಾಗ್ತೈತಿ?"

"ಕುಡದ್ರ ನಾಳಿ ನಿಮಗ ನಾನ ಹಲ್ಲು ಕಟ್ಟಬೇಕಾಗ್ತೈತ್ರಿ."

ನಕ್ಕು ಬಿಟ್ಟರು. ಆದರೆ ಅಷ್ಟು ಹೊತ್ತು ಮುಚ್ಚಳ ತೆಗೆದೇ ಇಟ್ಟಿದ್ದರಿಂದ ರಸ ಒಂದು ಬೆರಳಿನಷ್ಟು ಇಳಿದಿತ್ತು. ಅದು ಅಷ್ಟು ಬೇಗ ಹಾರುತ್ತದೆ ಎನ್ನುವುದು ನಾನು ಕಲಿತ ಮೊದಲನೆಯ ಪಾಠ.

ಕಾಕಾ ಸಂತೆಯ ದಿನ ಬಂದರು. ಅಚ್ಚಿನ ಮೇಣವನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಅಂಗುಳಕ್ಕೆ ಒತ್ತಿ ಅಳತೆ ತೆಗೆದೆ. ಅದರೊಳಗೆ ಪ್ಲಾಸ್ಟರು ಹೊಯ್ದು ಅವರ ಅಂಗುಳದ್ದೇ ಒಂದು ಪ್ರತಿ ಮಾಡಿದೆ. ಅದರ ಮೇಲೆ ಮೇಣದ ಪಟ್ಟಿ ಇಟ್ಟು, ಪಿಂಗಾಣಿ ಹಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ ಬಾಯಿಗೆ ಇಟ್ಟು ನೋಡಿದೆ.

"ದನ ಅನ್ರಿ ಕಾಕಾ."

"ಝನ."

ಹಲ್ಲಿನ ಹಿಂದೆ ಮೇಣ ದಪ್ಪವಾಗಿ ನಾಲಿಗೆಗೆ ಜಾಗ ಸಾಲುತ್ತಿರಲಿಲ್ಲ. ಚಾಕುವಿನಿಂದ ಕೆತ್ತಿ ತೆಳ್ಳಗೆ ಮಾಡಿದೆ. ಮತ್ತೆ ಅನ್ನಿಸಿದೆ. ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಒಳಕ್ಕೆ ತಂದೆ. ಮತ್ತೆ ಅನ್ನಿಸಿದೆ. ಎದುರಿನ ಬಳೆಗಾರ್ತಿ ಅಂಗಡಿ ಬಿಟ್ಟು ಎದ್ದು ಬಂದಳು.

"ಏನ್ ತಮ್ಮಾ, ಹಲ್ಲು ಕಟ್ಟಾಕತ್ತಿಯೋ, ಸಾಲಿ ಹಚ್ಚೀಯೋ? ಮುಂಜಾನಿಂದ ದನ ದನ ಅನ್ನಿಸಾಕತ್ತಿ. ಮುದುಕ ಯಾರಿಗಿ ಬೈಯಾಕತ್ತಾನ ಅಂತ ಗಿರಾಕಿ ಕೇಳಾಕತ್ತಾರ."

"ನಿನಗ ಅಲ್ಲವ್ವಾ," ಎಂದರು ಕಾಕಾ. "ನಿನಗ ಬೈಯೂದಿದ್ರ ಎಮ್ಮಿ ಅಂತಿದ್ದೆ. ಅದಕ್ಕ ಹಲ್ಲ ಬ್ಯಾಡ."

ಕೊನೆಗೆ ದ ಬಂತು. ಮೇಣದ ದ. ಅದನ್ನು ಗುಲಾಬಿ ಪುಡಿಯ ದ ಮಾಡುವುದಷ್ಟೇ ಉಳಿದಿತ್ತು.

ಎರಡು ಹೋಳಿನ ಹಿತ್ತಾಳೆ ಡಬ್ಬಿಯಲ್ಲಿ ಮೇಣದ ಪಟ್ಟಿಯನ್ನು ಪ್ಲಾಸ್ಟರಿನೊಳಗೆ ಹೂಳಿದೆ. ಬಿಸಿನೀರು ಹೊಯ್ದು ಮೇಣ ಕರಗಿಸಿ ತೆಗೆದರೆ ಒಳಗೆ ಪಟ್ಟಿಯ ಆಕಾರದ ಟೊಳ್ಳು ಉಳಿಯುತ್ತದೆ, ಹಲ್ಲುಗಳು ಪ್ಲಾಸ್ಟರಿನಲ್ಲಿ ಕಚ್ಚಿಕೊಂಡಿರುತ್ತವೆ. ಟೊಳ್ಳಿನ ಮೈಗೆ ತೆಳ್ಳಗಿನ ತವರದ ಹಾಳೆ ಒತ್ತಿದೆ, ರಸ ಪ್ಲಾಸ್ಟರಿಗೆ ಅಂಟದಿರಲಿ ಎಂದು. ಆಮೇಲೆ ಗಾಜಿನ ಬಟ್ಟಲಲ್ಲಿ ಪುಡಿ ರಸ ಕಲಸಿ ಮುಚ್ಚಿಟ್ಟೆ.

ಇದನ್ನು ನೋಡುವುದೇ ಒಂದು ಸಂತೋಷ. ಮೊದಲು ಒದ್ದೆ ಉಸುಕಿನ ಹಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಅಂಟಂಟಾಗಿ, ಕಡ್ಡಿ ಎತ್ತಿದರೆ ಜೇಡರ ಬಲೆಯಂತೆ ಎಳೆ ಬರುತ್ತದೆ. ಆಗ ಕೈ ಹಾಕಬಾರದು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಅಂಟು ಹೋಗಿ ಹೋಳಿಗೆಯ ಕಣಕದ ಹದಕ್ಕೆ ಬರುತ್ತದೆ, ಬಟ್ಟಲು ಬಿಟ್ಟು ಏಳುತ್ತದೆ. ತುಂಬಬೇಕಾದದ್ದು ಆಗಲೇ. ಮೀರಿದರೆ ಸೈಕಲ್ ಟ್ಯೂಬಿನ ಹಾಗೆ ಸೆಟೆದುಕೊಳ್ಳುತ್ತದೆ, ಒತ್ತಿದ ಕಡೆ ಹೋಗುವುದಿಲ್ಲ.

ಕಣಕ ತುಂಬಿ, ಡಬ್ಬಿ ಬಿಗಿದು, ಪಾತ್ರೆಯ ನೀರಿಗೆ ಇಳಿಸಿ ಪಂಪಿನ ಸ್ಟೌ ಹೊತ್ತಿಸಿದೆ. ನೀರು ತಕತಕ ಕುದಿಯಿತು. ಕುದಿಸಿಬಿಟ್ಟೆ.

ತೆಗೆದು ನೋಡಿದರೆ ಹೊರಮೈ ಚೆಂದ. ಅರ ಹಾಕಿ ಉಜ್ಜತೊಡಗಿದೆ. ಹಲ್ಲಿನ ಮೇಲಿನ ದಪ್ಪ ಒಸಡಿನ ಭಾಗದಲ್ಲಿ ಒಂದು ತೂತು ಕಂಡಿತು. ಇನ್ನಷ್ಟು ಉಜ್ಜಿದರೆ ಇನ್ನಷ್ಟು. ಒಳಗೆಲ್ಲಾ ಪಡ್ಡಿನ ಒಳಮೈಯ ಹಾಗೆ ಗುಳ್ಳೆಯೋ ಗುಳ್ಳೆ.

"ಇರ್ಲಿ ಬಿಡೋ ಹುಡುಗಾ," ಎಂದರು ಕಾಕಾ. "ಒಳಗಿಂದು ಯಾರ್ ನೋಡ್ತಾರ? ನಾನೂ ಒಳಗ ಟೊಳ್ಳ ಅದೀನಿ."

"ಆಗಂಗಿಲ್ರಿ. ತೂತಿನಾಗ ಉಗುಳು ಕುಂದ್ರತೈತಿ, ನಾತ ಹಿಡಿತೈತಿ. ನೀವು ಜೋರಾಗಿ ಒದರಿದ್ರ ಅಲ್ಲೇ ಸೀಳತೈತಿ."

ತಪ್ಪು ಕಣಕದ್ದು, ರಸ ಹೆಚ್ಚಾಗಿರಬೇಕು ಅಂದುಕೊಂಡೆ. ಮೇಣದ ಪಟ್ಟಿ ಮತ್ತೆ ಕಟ್ಟಿ, ಎರಡನೆಯ ಸಲ ರಸ ಹಿಡಿದು ಹಾಕಿದೆ, ಹೆಚ್ಚು ಬಿಗಿದೆ. ಕುದಿಸಿದ್ದು ಮಾತ್ರ ಅದೇ ಕುದಿ. ಕಾಕಾ ಎದುರಿಗೇ ಕೂತಿದ್ದರಿಂದ ಅವಸರಕ್ಕೆ ಬಿದ್ದು, ಡಬ್ಬಿ ಸುಡುತ್ತಿರುವಾಗಲೇ ಉಳಿ ಹಾಕಿ ಬಿಡಿಸಿದೆ. ಗುಳ್ಳೆ ಕಡಿಮೆಯಾಗಿದ್ದವು, ಹೋಗಿರಲಿಲ್ಲ. ಅದರ ಜೊತೆಗೆ ಹೊಸ ರೋಗ: ಪಟ್ಟಿಯನ್ನು ಪ್ಲಾಸ್ಟರಿನ ಅಂಗುಳದ ಮೇಲೆ ಇಟ್ಟರೆ ಕಾಲು ಮುರಿದ ಹೊರಸಿನ ಹಾಗೆ ಅಲ್ಲಾಡುತ್ತಿತ್ತು. ಬಿಸಿಯಲ್ಲಿ ಅದು ಇನ್ನೂ ಮೆತ್ತಗೆ, ನಾನು ಎಳೆದ ಕಡೆ ಸೊಟ್ಟಗಾಗಿ ತಣ್ಣಗಾಗಿತ್ತು. ಆದರೂ ಬಾಯಿಗೆ ಇಟ್ಟು ಕೂಗಲು ಹೇಳಿದೆ.

"ಕೇಳ್ರೆಪ್ಪೋ—" ಎಂದು ಬಾಯಿ ತೆರೆದದ್ದೇ ತಡ, ಪಟ್ಟಿ ಕಳಚಿ ನಾಲಿಗೆಯ ಮೇಲೆ ಬಿತ್ತು. ಕಾಕಾ ಅದನ್ನು ಅಂಗೈಗೆ ಉಗುಳಿ, ನನ್ನ ಮುಂದೆ ಇಟ್ಟು, ಟವೆಲ್ ಕೊಡವಿಕೊಂಡು ಎದ್ದು ಹೋದರು.

ಶೀಸೆಯಲ್ಲಿ ರಸ ಇನ್ನೊಂದು ಪಟ್ಟಿಗೆ ಸಾಕಾಗುವಷ್ಟೇ ಇತ್ತು. ಅಮಾವಾಸ್ಯೆ ಹತ್ತಿರ ಬಂದಿತ್ತು. ಬಳ್ಳಾರಿಗೆ ಹೋಗಿ ಬಂದು ಮಾಡಲು ಸಮಯ ಸಾಲದು.

ಕೆಟ್ಟ ಪಟ್ಟಿಗಳನ್ನು ಗರಗಸದಿಂದ ಅಡ್ಡಕ್ಕೆ ಕೊಯ್ದು ಬಿಸಿಲಿಗೆ ಹಿಡಿದೆ. ಅಂಗುಳದ ತೆಳು ಭಾಗದಲ್ಲಿ ಒಂದೇ ಒಂದು ಗುಳ್ಳೆ ಇಲ್ಲ, ಗಾಜಿನಷ್ಟು ತಿಳಿ. ಗುಳ್ಳೆಯೆಲ್ಲಾ ದಪ್ಪ ಇರುವಲ್ಲಿ, ಅದೂ ನಟ್ಟನಡುವೆ. ಅದೇ ಕಣಕ, ಅದೇ ಬಿಗಿತ, ಅದೇ ನೀರು. ಹಾಗಾದರೆ ತಪ್ಪು ಕಣಕದ್ದಲ್ಲ. ಹಸಿ ಹುಲ್ಲಿನ ಬಣವೆ ನೆನಪಿಗೆ ಬಂತು. ಹಸಿಯಾಗಿ ಒಟ್ಟಿದ ಬಣವೆಯೊಳಗೆ ಕೈ ತೂರಿಸಿ ನೋಡಿ, ಸುಡುತ್ತದೆ. ಹೊರಗಿನ ಬೆಂಕಿ ಬೇಡ, ಅದಕ್ಕೆ ಅದರದೇ ಕಾವು. ಈ ಕಣಕವೂ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತಿರಬೇಕು. ತೆಳ್ಳಗಿದ್ದಲ್ಲಿ ಆ ಬಿಸಿ ಹೊರಗೆ ಹೋಗುತ್ತದೆ, ದಪ್ಪ ಇದ್ದಲ್ಲಿ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ನಾನು ಬೇರೆ ಕುದಿಸುತ್ತಿದ್ದೇನೆ. ನಾಕಾದಲ್ಲಿ ಮುಚ್ಚಳ ತೆಗೆದಷ್ಟಕ್ಕೇ ಹಾರಿಹೋದ ರಸ ಅಲ್ಲಿ ಕುದಿದು ಆವಿಯಾಗದೆ ಏನು ಮಾಡೀತು?

ಇಷ್ಟು ತಿಳಿಯಿತು. ಆದರೆ ಮುಂದೇನು? ಕುದಿಸದಿದ್ದರೆ ಗಟ್ಟಿಯಾಗುವುದಿಲ್ಲ, ಕುದಿಸಿದರೆ ಗುಳ್ಳೆ.

ಇದನ್ನೇ ಯೋಚಿಸುತ್ತಾ ಮನೆಗೆ ಹೋದೆ. ಅವ್ವ ಹೊಲಕ್ಕೆ ಬುತ್ತಿ ಒಯ್ಯಲು ಹೊರಟಿದ್ದಳು.

"ಹಾಲು ಒಲಿ ಮ್ಯಾಲ ಐತಿ. ಆ ಕಡೀಕ ಒಂದೀಟು ನೋಡು."

"ಕುದಸ್ಲೇನವ್ವಾ?"

ಅವ್ವ ಹೊಸಿಲಲ್ಲೇ ನಿಂತು ತಿರುಗಿದಳು. "ಹಾಲು ಯಾವಾಕಿ ಕುದಸ್ತಾಳೋ? ಚಾ ಕುದಸ್ತಾರ, ಬ್ಯಾಳಿ ಕುದಸ್ತಾರ. ಹಾಲು ಕಾಸ್ತಾರ. ಇಷ್ಟು ವರ್ಷ ಹಾಲು ಕುಡದು ಬೆಳದಿ, ಅಷ್ಟು ಗೊತ್ತಿಲ್ಲೇನು? ಬರೇ ಹಲ್ಲು ಹಲ್ಲು ಅಂತ ತಿರುಗಿದ್ರ ಹಾಲು ಎಲ್ಲಿ ತಿಳೀತೈತಿ."

ಅವ್ವ ಹೋದಳು. ನಾನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

ನಮ್ಮ ಕಡೆ ಹಾಲಿಗೆ ಬೇರೆಯೇ ಒಲೆ ಇರುತ್ತದೆ. ನೆಲದಲ್ಲಿ ಗುಳಿ ತೆಗೆದು ಅದರಲ್ಲಿ ಸಗಣಿಯ ಕುಳ್ಳು ಒಟ್ಟಿ, ಮೇಲೆ ಬೂದಿ ಮುಚ್ಚಿರುತ್ತಾರೆ. ಮುಂಜಾನೆ ಇಟ್ಟ ಹಾಲಿನ ಗಡಿಗೆ ಸಂಜೆಯವರೆಗೂ ಅದರ ಮೇಲೆಯೇ. ಉಕ್ಕುವುದಿಲ್ಲ, ಗುಳ್ಳೆ ಬರುವುದಿಲ್ಲ, ಕಾಯುತ್ತಲೇ ಕಾಯುತ್ತಲೇ ಕೆಂಪಗಾಗಿ ಅಂಗೈ ದಪ್ಪ ಕೆನೆ ಕಟ್ಟುತ್ತದೆ. ಕುದಿಸುವುದು, ಕಾಸುವುದು ಎರಡೂ ನನ್ನ ಬಾಯಲ್ಲಿ ದಿನಾ ಬರುವ ಮಾತುಗಳೇ. ಬಳ್ಳಾರಿಯಿಂದ ನಾನು ಒಂದನ್ನೇ ಹೊತ್ತು ತಂದಿದ್ದೆ.

ಇನ್ನೊಂದು ವಿಚಾರಕ್ಕೆ ಬಂದೆ. ಇರುವ ರಸವೆಲ್ಲಾ ಒಂದೇ ಸಲ ಸುರಿದು ಮತ್ತೆ ಕೆಟ್ಟರೆ ಕಾಕಾನ ಹಲಗಿ ಹೋದ ಹಾಗೆಯೇ. ಮೊದಲು ಸಣ್ಣ ಉಂಡೆ ಮಾಡಿ ನೋಡಿದರೆ ಪಟ್ಟಿಗೆ ರಸ ಕಡಿಮೆ ಬೀಳುತ್ತದೆ. ಆಗ ಕೊಯ್ದ ತುಂಡುಗಳನ್ನು ಎತ್ತಿಕೊಂಡು, ಅಂಗುಳದ ತೆಳು ಭಾಗವನ್ನು ಎರಡೂ ಕೈಯಿಂದ ಬಗ್ಗಿಸಿದೆ. ಮುರಿಯಲಿಲ್ಲ. ಬಾಗಿ ಮತ್ತೆ ನೆಟ್ಟಗಾಯಿತು. ರಬ್ಬರು ಇಷ್ಟು ತೆಳ್ಳಗಿದ್ದರೆ ತಡೆಯುತ್ತಿರಲಿಲ್ಲ. ನಾನೇನು ಮಾಡಿದ್ದೆನೆಂದರೆ, ಹೊಸ ಸಾಮಾನಿಗೆ ಹಳೆಯ ರಬ್ಬರಿನ ದಪ್ಪವನ್ನೇ ಕೊಟ್ಟಿದ್ದೆ. ಪಟ್ಟಿಯನ್ನೇ ತೆಳ್ಳಗೆ ಮಾಡಿದರೆ ಉಂಡೆಗೂ ರಸ ಉಳಿಯುತ್ತದೆ, ಗುಳ್ಳೆಗೂ ಜಾಗ ಇರುವುದಿಲ್ಲ, ನಾಲಿಗೆಗೂ ಜಾಗ ಸಿಗುತ್ತದೆ. ಉಂಡೆ ಮಾಡುವುದೇ ಸೈ ಎಂದು ನಿರ್ಧರಿಸಿದೆ.

ಅಂಥದೇ ಮಂದ ಕಾವಿನಲ್ಲಿ ಅಡಿಕೆ ಗಾತ್ರದ ಉಂಡೆ ಕಾಸಿದೆ. ತಣ್ಣಗಾದ ಮೇಲೆ ಕೊಯ್ದರೆ ಒಳಗೆ ಕಲ್ಲುಸಕ್ಕರೆಯ ಹಾಗೆ ಗಟ್ಟಿ. ಒಂದೂ ಗುಳ್ಳೆ ಇಲ್ಲ! ಆದರೆ ಮೂಸಿದರೆ ರಸದ ವಾಸನೆ ಇನ್ನೂ ಇತ್ತು. ಅಂದರೆ ಕಾಸಿದ್ದು ಸಾಲದು, ಗಟ್ಟಿಯಾದ ಮೇಲೆ ಉಳಿದ ರಸಕ್ಕೂ ಕೆಲಸ ಕೊಡಲು ಕೊನೆಗೊಂದು ಕುದಿ ಬೇಕು. ಬಳ್ಳಾರಿಯವರು ಹೇಳಿದ್ದು ಸುಳ್ಳಾಗಿರಲಿಲ್ಲ. ಮೊದಲು ಕಾಸಬೇಕು, ಆಮೇಲೆ ಕುದಿಸಬೇಕು.

ಕಾಕಾಗೆ ಹೇಳಿ ಕಳಿಸಿದೆ. ಮುಂಜಾನೆಯೇ ಬಂದರು. ಮೇಣದ ಪಟ್ಟಿಯನ್ನು ತೆಳ್ಳಗೆ ಕಟ್ಟಿ, ಮತ್ತೆ ದ ಅನ್ನಿಸಿ ನೋಡಿ, ಅಚ್ಚು ಮಾಡಿ ಕಣಕ ತುಂಬಿ ಡಬ್ಬಿ ಬಿಗಿದೆ. ಹಾಲಿನ ಗಡಿಗೆ ಇಳಿಸಿ ನನ್ನ ಪಾತ್ರೆ ಇಟ್ಟದ್ದನ್ನು ನೋಡಿ ಅವ್ವ ಸೊಂಟದ ಮೇಲೆ ಕೈ ಇಟ್ಟಳು.

"ಹಾಲೊಲಿ ಮ್ಯಾಲ ಹಲ್ಲು ಇಟ್ಟಿಯೇನೋ? ನಾಳಿ ಮಜ್ಜಿಗಿ ಕುಡದೋರು ಏನಂತಾರ?"

"ಗಟ್ಟಿ ಮಜ್ಜಿಗಿ, ಕಡದು ಕುಡೀಬೇಕು ಅಂತಾರ ಬಿಡವ್ವಾ," ಎಂದರು ಕಾಕಾ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಆಮೇಲೆ ಒಳಗಿನಿಂದಲೇ ಇನ್ನೆರಡು ಕುಳ್ಳು ದೂಡಿದಳು.

ದಿನವಿಡೀ ಬೆರಳು ಅದ್ದಿ ನೋಡುತ್ತಿದ್ದೆ. ಬೆರಳು ಇಟ್ಟುಕೊಳ್ಳಲು ಆಗಬಾರದು, ನೀರಲ್ಲಿ ಗುಳ್ಳೆಯೂ ಏಳಬಾರದು. ಕಾವು ಏರಿದರೆ ಬೂದಿ ಮುಚ್ಚುವುದು, ಇಳಿದರೆ ಕೆದಕುವುದು. ಇಳಿಹೊತ್ತಿಗೆ ಉರಿ ಮಾಡಿ ಒಂದು ಒಳ್ಳೆಯ ಕುದಿ ಕುದಿಸಿದೆ. ಆಮೇಲೆ ಬೆಂಕಿ ಎಳೆದು ಡಬ್ಬಿಯನ್ನು ನೀರಲ್ಲೇ ಬಿಟ್ಟೆ.

"ತಗಿ ನೋಡೂಣು," ಎಂದರು ಕಾಕಾ.

"ನಾಳಿ ಮುಂಜಾನಿ."

"ಏ ಹುಡುಗಾ, ನಾಳಿ ಅಮಾಸಿ!"

"ಹೆಪ್ಪ ಹಾಕಿದ ಮ್ಯಾಲ ಗಡಿಗಿ ಅಲ್ಲಾಡಸ್ತಾರೇನ್ರಿ ಕಾಕಾ?"

ಕಾಕಾ ಟವೆಲ್ ಹಾಸಿಕೊಂಡು ನಮ್ಮ ಪಡಸಾಲೆಯಲ್ಲೇ ಮಲಗಿದರು.

ಬೆಳಗ್ಗೆ ಡಬ್ಬಿ ಕೈಗೆ ತಣ್ಣಗೆ ತಾಗಿತು. ಪ್ಲಾಸ್ಟರು ಒಡೆದು ತೆಗೆದೆ. ಅರ ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಗುಲಾಬಿ, ಉಜ್ಜಿದಷ್ಟೂ ಗಟ್ಟಿ. ಸುಣ್ಣದ ಪುಡಿ, ಒದ್ದೆ ಬಟ್ಟೆಯಿಂದ ಹೊಳಪು ಕೊಟ್ಟೆ. ಪ್ಲಾಸ್ಟರಿನ ಅಂಗುಳದ ಮೇಲೆ ಇಟ್ಟರೆ ಕೂತಲ್ಲೇ ಕೂತಿತು. ನೀರಲ್ಲಿ ನೆನೆಸಿ ಬಾಯಿಗೆ ಇಟ್ಟು ಒತ್ತಿದೆ. ಒಂದು ಕಡೆ ಚುಚ್ಚಿತೆಂದರು, ಅಲ್ಲಿ ಸ್ವಲ್ಪ ಕೆರೆದೆ. ಕಾಕಾ ಅಂಗಳಕ್ಕೆ ನಡೆದು, ಕಿವಿಗೆ ಕೈ ಹಚ್ಚಿ, ಬಾಯಿ ಪೂರ್ತಿ ತೆರೆದು ಕೂಗಿದರು.

"ದ-ನ-ಕ್ಕ!"

ಪಟ್ಟಿ ಬೀಳಲಿಲ್ಲ. ಒಳಗೆ ಕಟ್ಟಿದ್ದ ನಮ್ಮ ಎಮ್ಮೆ ತಲೆ ಎತ್ತಿ ನೋಡಿತು. "ಬಿಸಿನೀರಾಗ ತೊಳೀಬ್ಯಾಡ್ರಿ, ಸೊಟ್ಟ ಆಗ್ತೈತಿ. ಬೂದಿ ಹಚ್ಚಿ ತಿಕ್ಕಬ್ಯಾಡ್ರಿ," ಎಂದು ನಾನು ಹೇಳುತ್ತಲೇ ಇದ್ದೆ, ಅವರು ಕೇಳುತ್ತಿರಲಿಲ್ಲ. ದ ಇರುವ ಮಾತುಗಳನ್ನೆಲ್ಲಾ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ದಾರಿ, ದೀಪ, ದುಗ್ಗಾಣಿ, ಹೇಮಗುಡ್ಡದ ದುರ್ಗವ್ವ.

ಡಂಗುರದ ಸಂಜೆ ನಾನೂ ಅವರ ಊರಿಗೆ ಹೋಗಿದ್ದೆ. ಓಣಿಯ ಮೂಲೆಯಲ್ಲಿ ಒಬ್ಬ ಮುದುಕಿ ಆಗಲೇ ಗಂಟು ಕಟ್ಟಿಕೊಂಡು ನಿಂತಿದ್ದಳು.

"ಏ ತಳವಾರಾ, ಜನಕ್ಕೋ ದನಕ್ಕೋ ಬಿಡಿಸಿ ಹೇಳು. ಈ ವಯಸ್ಸಿನಾಗ ಎರಡೆರಡು ಸಲ ಗುಡ್ಡ ಹತ್ತಾಕ ನನಗ ಆಗೂದಿಲ್ಲ."

ಕಾಕಾ ಹಲಗಿ ಕಂಕುಳಿಗೆ ಇಟ್ಟು ಅವಳ ಕಿವಿಯ ಹತ್ತಿರ ಬಗ್ಗಿದರು. "ದನಕ್ಕ, ಯವ್ವಾ. ದನಕ್ಕ. ನಿನಗ ಚುಚ್ಚಿದ್ರ ಸೂಜಿ ಮುರೀತೈತಿ."

ಮುದುಕಿ ಅವರ ಬಾಯಿಯನ್ನೇ ದಿಟ್ಟಿಸಿದಳು. "ಅಯ್ಯ, ಇವನಿಗಿ ಹಲ್ಲು ಹುಟ್ಯಾವ!" ಎಂದು ಗಂಟು ಬಿಚ್ಚುತ್ತಾ ಕೂತಳು.

ಮರುದಿನ ಮುಂಜಾನೆ ಚಾವಡಿಯ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಎತ್ತು, ಆಕಳು, ಎಮ್ಮೆ, ಕರು. ಡಾಕ್ಟರು ತೋಳು ಮಡಿಚಿ ಒಂದು ಕಡೆಯಿಂದ ಸೂಜಿ ಚುಚ್ಚುತ್ತಾ ಬಂದರು. ಕಾಕಾ ನಡುವೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದರು, ಆ ಗದ್ದಲದಲ್ಲೂ ಒಂದೊಂದು ಅಕ್ಷರ ಬೇರೆ ಬೇರೆಯಾಗಿ ಕೇಳುತ್ತಿತ್ತು. ಗಿರ್ದಾವರ ಸಾಹೇಬರು ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಹಲಿಗಿ ನಿನ್ನ ಹತ್ರಾನ ಇರ್ಲಿ," ಎಂದರು.

ಕಾಕಾ ನನ್ನ ಕಡೆ ಬಂದರು. ನನ್ನ ಭುಜದ ಮೇಲೆ ಕೈ ಇಟ್ಟು ಏನೋ ಹೇಳಲು ಬಾಯಿ ತೆರೆದರು, ನಿಂತರು, ನಾಲಿಗೆಯನ್ನು ಹಲ್ಲಿಗೆ ಒಮ್ಮೆ ತಾಗಿಸಿ ನೋಡಿಕೊಂಡರು.

"ತಮ್ಮಾ," ಎಂದರು.